ಉಪವಾಸ ಮತ್ತು ಮಾಂಸಖಂಡ: ಮನುಷ್ಯರಲ್ಲಿ, ಜಾನುವಾರುಗಳಲ್ಲಿ

(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಾಠ)



'ಲಂಘನಂ ಪರಮೌಷಧಂ' ಎಂಬ ಮಾತು ಹಳ್ಳಿಹಳ್ಳಿಯಲ್ಲೂ ಕೇಳಿಬರುತ್ತದೆ. ಏಕಾದಶಿ, ಶಿವರಾತ್ರಿಗಳಲ್ಲಿ ಊಟ ಬಿಡುವವರು, ರಂಜಾನ್ ತಿಂಗಳಲ್ಲಿ ಹಗಲೆಲ್ಲ ಉಪವಾಸವಿರುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಇದು ಮನುಷ್ಯ ತಾನಾಗಿ ಆರಿಸಿಕೊಂಡ ಉಪವಾಸ. ಎಂದು ಶುರು ಮಾಡಬೇಕು, ಎಂದು ಮುಗಿಸಬೇಕು ಎಂಬುದು ಅವನಿಗೆ ಗೊತ್ತಿರುತ್ತದೆ. ಕೊಟ್ಟಿಗೆಯ ದನಕ್ಕೆ ಈ ಅನುಕೂಲವಿಲ್ಲ. ಮಳೆ ಕೈಕೊಟ್ಟು ಬಣವೆ ಕರಗಿದಾಗ ಉಪವಾಸ ಅದರ ಮೇಲೆ ತಾನಾಗಿ ಬಂದು ಬೀಳುತ್ತದೆ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿಸಲ್ಪಟ್ಟವು. ಅಂಥ ವರ್ಷಗಳಲ್ಲಿ ಎತ್ತು, ಹಸು, ಕುರಿಗಳ ಮೈ ಹೇಗೆ ಇಳಿಯುತ್ತದೆ ಎಂಬುದನ್ನು ಎಲ್ಲ ರೈತರೂ ಕಣ್ಣಾರೆ ಕಂಡಿದ್ದಾರೆ.

ಮೈ ಇಳಿಯುವುದು ಎಂದರೆ ನಿಜವಾಗಿ ಏನು ಇಳಿಯುತ್ತದೆ? ಕೊಬ್ಬು ಕರಗುತ್ತದೆಯೇ, ಮಾಂಸಖಂಡ ಕರಗುತ್ತದೆಯೇ? ಯಾವುದು ಮೊದಲು, ಯಾವುದು ಆಮೇಲೆ? ಕಳೆದುಹೋದದ್ದು ಮತ್ತೆ ಬರುತ್ತದೆಯೇ? ಈ ಪ್ರಶ್ನೆಗಳಿಗೆ ಉತ್ತರ ತಿಳಿದರೆ, ಕೈಯಲ್ಲಿರುವ ಅಲ್ಪಸ್ವಲ್ಪ ಮೇವನ್ನು ಯಾವ ಪ್ರಾಣಿಗೆ, ಯಾವಾಗ, ಎಷ್ಟು ಕೊಡಬೇಕೆಂಬುದು ಸುಲಭವಾಗಿ ತೀರ್ಮಾನವಾಗುತ್ತದೆ.

ಮೈಯೊಳಗಿನ ಮೂರು ದಾಸ್ತಾನುಗಳು

ಆಹಾರ ಸಿಗದಿದ್ದರೂ ದೇಹದ ಕೆಲಸ ನಿಲ್ಲುವುದಿಲ್ಲ. ಹೃದಯ ಬಡಿಯಬೇಕು, ಉಸಿರಾಟ ನಡೆಯಬೇಕು, ಮೈ ಬೆಚ್ಚಗಿರಬೇಕು. ಇದಕ್ಕೆ ಬೇಕಾದ ಶಕ್ತಿ ಮೂರು ಕಡೆಯಿಂದ ಬರುತ್ತದೆ.

ಮೊದಲನೆಯದು ಗ್ಲೈಕೋಜನ್. ಇದು ಸಕ್ಕರೆಯಿಂದಲೇ ಆದ ಪಿಷ್ಟ. ವಯಸ್ಕ ಮನುಷ್ಯನ ಪಿತ್ತಜನಕಾಂಗದಲ್ಲಿ ಸುಮಾರು 100 ಗ್ರಾಂ, ಮಾಂಸಖಂಡಗಳಲ್ಲಿ ಒಟ್ಟು ಸುಮಾರು 400 ಗ್ರಾಂ ಇರುತ್ತದೆ. ಇದು ಅಡುಗೆಮನೆಯ ಡಬ್ಬಿಯಲ್ಲಿರುವ ಹಿಟ್ಟಿನಂತೆ. ಕೈಗೆ ಬೇಗ ಸಿಗುತ್ತದೆ, ಬೇಗ ಮುಗಿಯುತ್ತದೆ. ಪಿತ್ತಜನಕಾಂಗದ ಗ್ಲೈಕೋಜನ್ ಸಕ್ಕರೆಯಾಗಿ ರಕ್ತಕ್ಕೆ ಸೇರಿ ಇಡೀ ದೇಹಕ್ಕೆ ಹಂಚಿಕೆಯಾಗುತ್ತದೆ. ಮಾಂಸಖಂಡದ ಗ್ಲೈಕೋಜನ್ ಹಾಗಲ್ಲ. ಅದನ್ನು ಸಕ್ಕರೆಯಾಗಿ ರಕ್ತಕ್ಕೆ ಬಿಡಲು ಬೇಕಾದ ಕಿಣ್ವ ಮಾಂಸಖಂಡದಲ್ಲಿಲ್ಲ. ಆದ್ದರಿಂದ ಅದು ಬಹುಮಟ್ಟಿಗೆ ಆ ಮಾಂಸಖಂಡದ ಕೆಲಸಕ್ಕೇ ಮೀಸಲು.

ಎರಡನೆಯದು ಕೊಬ್ಬು. ಉತ್ತರ ಕರ್ನಾಟಕದ ಹಗೇವಿನಲ್ಲಿ ಜೋಳ ತುಂಬಿಟ್ಟಂತೆ, ಇದು ಕಷ್ಟಕಾಲಕ್ಕೆಂದೇ ಕೂಡಿಟ್ಟ ದಾಸ್ತಾನು. ಒಂದು ಗ್ರಾಂ ಕೊಬ್ಬಿನಿಂದ 9 ಕ್ಯಾಲೊರಿ ಶಕ್ತಿ ಸಿಗುತ್ತದೆ.

ಮೂರನೆಯದು ಮಾಂಸಖಂಡದ ಸಸಾರಜನಕ. ಒಂದು ಮುಖ್ಯ ಸಂಗತಿಯನ್ನು ಇಲ್ಲಿ ಗಮನಿಸಬೇಕು. ದೇಹದಲ್ಲಿ ಸುಮ್ಮನೆ ಕೂಡಿಟ್ಟ ಸಸಾರಜನಕವೆಂಬುದು ಇಲ್ಲ. ಮಾಂಸಖಂಡದಲ್ಲಿರುವುದೆಲ್ಲ ಎಳೆಯುವ, ನಡೆಯುವ, ನಿಲ್ಲುವ ಕೆಲಸಕ್ಕೆ ಕಟ್ಟಿದ ಸಾಮಗ್ರಿ. ಅದನ್ನು ಒಡೆದು ಶಕ್ತಿಗೆ ಬಳಸುವುದೆಂದರೆ, ಸೌದೆ ಮುಗಿದಾಗ ಮನೆಯ ತೊಲೆಯನ್ನೇ ಸೀಳಿ ಒಲೆಗೆ ಇಟ್ಟಂತೆ. ಅದರಿಂದ ಸಿಗುವ ಲಾಭವೂ ಕಡಿಮೆ. ಮಾಂಸಖಂಡದಲ್ಲಿ ಮುಕ್ಕಾಲು ಪಾಲು ನೀರು, ಸಸಾರಜನಕ ಐದರಲ್ಲಿ ಒಂದು ಪಾಲು ಮಾತ್ರ. ಒಂದು ಕಿಲೋ ಮಾಂಸಖಂಡ ಕರಗಿದರೆ ಅದರ ಸಸಾರಜನಕದಿಂದ ಸಿಗುವುದು ಸುಮಾರು 800 ಕ್ಯಾಲೊರಿ. ಒಂದು ಕಿಲೋ ಕೊಬ್ಬಿನ ಅಂಗಾಂಶ ಕರಗಿದರೆ 7,000ಕ್ಕೂ ಹೆಚ್ಚು.

ಮನುಷ್ಯ ಉಣ್ಣದಿದ್ದಾಗ

ಊಟವಾದ ಕೆಲವು ಗಂಟೆಗಳಲ್ಲಿ ರಕ್ತದಲ್ಲಿ ಇನ್ಸುಲಿನ್ ಕಡಿಮೆಯಾಗಿ ಗ್ಲೂಕಗಾನ್ ಎಂಬ ಇನ್ನೊಂದು ರಸದೂತ ಹೆಚ್ಚುತ್ತದೆ. ಪಿತ್ತಜನಕಾಂಗ ತನ್ನ ಗ್ಲೈಕೋಜನನ್ನು ಸಕ್ಕರೆಯಾಗಿಸಿ ಬಿಡತೊಡಗುತ್ತದೆ. ಸುಮಾರು ಒಂದು ದಿನದಲ್ಲಿ ಈ ದಾಸ್ತಾನು ಬಹುತೇಕ ಖಾಲಿ. ಈ ಹೊತ್ತಿಗೆ ಮಾಂಸಖಂಡಗಳು ಸಕ್ಕರೆಯನ್ನು ಬಳಸುವುದನ್ನು ಕಡಿಮೆ ಮಾಡಿ, ಕೊಬ್ಬು ಕರಗಿ ಬಂದ ಮೇದಾಮ್ಲಗಳನ್ನು ಉರಿಸತೊಡಗುತ್ತವೆ. ಇದ್ದ ಸಕ್ಕರೆ ಮಿದುಳಿಗೆ ಉಳಿಯಲಿ ಎಂಬುದೇ ಈ ಏರ್ಪಾಡಿನ ಉದ್ದೇಶ.

ಮಿದುಳಿಗೆ ದಿನಕ್ಕೆ ಸುಮಾರು 120 ಗ್ರಾಂ ಸಕ್ಕರೆ ಬೇಕು. ಕೊಬ್ಬು ಬೇಕಾದಷ್ಟಿದ್ದರೂ ಮೇದಾಮ್ಲಗಳಿಂದ ಸಕ್ಕರೆ ತಯಾರಿಸಲು ದೇಹಕ್ಕೆ ಬಾರದು. ಕೊಬ್ಬಿನ ಸಣ್ಣ ಭಾಗವಾದ ಗ್ಲಿಸರಾಲ್‌ನಿಂದ ಮಾತ್ರ ಅಷ್ಟಿಷ್ಟು ಸಾಧ್ಯ. ಉಳಿದದ್ದಕ್ಕೆ ಮಾಂಸಖಂಡವೇ ಗತಿ. ಅದರ ಸಸಾರಜನಕ ಒಡೆದು ಅಮೈನೋ ಆಮ್ಲಗಳಾಗಿ, ಮುಖ್ಯವಾಗಿ ಅಲನೀನ್ ಮತ್ತು ಗ್ಲುಟಮೀನ್ ರೂಪದಲ್ಲಿ ರಕ್ತಕ್ಕೆ ಬರುತ್ತದೆ. ಪಿತ್ತಜನಕಾಂಗ ಮತ್ತು ಮೂತ್ರಪಿಂಡಗಳು ಅವುಗಳಿಂದ ಸಕ್ಕರೆ ತಯಾರಿಸುತ್ತವೆ. ಉಪವಾಸದ ಮೊದಲ ಕೆಲವು ದಿನಗಳಲ್ಲಿ ಹೀಗೆ ದಿನಕ್ಕೆ ಸುಮಾರು 75 ಗ್ರಾಂ ಸಸಾರಜನಕ ಕರಗುತ್ತದೆ. ಇದು ಸುಮಾರು 375 ಗ್ರಾಂ ಮಾಂಸಖಂಡಕ್ಕೆ ಸಮ.

ಇದೇ ವೇಗದಲ್ಲಿ ಮುಂದುವರಿದರೆ ಮನುಷ್ಯ ಹೆಚ್ಚು ವಾರ ಬದುಕಲಾರ. ಆದರೆ ದೇಹ ಇನ್ನೊಂದು ದಾರಿ ಹುಡುಕುತ್ತದೆ. ಪಿತ್ತಜನಕಾಂಗವು ಮೇದಾಮ್ಲಗಳಿಂದ ಕೀಟೋನುಗಳನ್ನು ತಯಾರಿಸುತ್ತದೆ. ಮಿದುಳು ಅವನ್ನು ಸಕ್ಕರೆಯ ಬದಲು ಉರುವಲಾಗಿ ಒಪ್ಪಿಕೊಳ್ಳುತ್ತದೆ. ಅಮೆರಿಕದ ಆಲಿವರ್ ಓವೆನ್, ಜಾರ್ಜ್ ಕೇಹಿಲ್ ಮತ್ತು ಸಂಗಡಿಗರು 1967ರಲ್ಲಿ ಇದನ್ನು ತೋರಿಸಿಕೊಟ್ಟರು. ಹಲವು ವಾರಗಳ ಉಪವಾಸದ ನಂತರ ಮಿದುಳಿನ ಅಗತ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ಕೀಟೋನುಗಳೇ ಪೂರೈಸುತ್ತವೆ. ಆಗ ಮಾಂಸಖಂಡದ ಮೇಲಿನ ಹೊರೆ ಇಳಿದು, ದಿನಕ್ಕೆ 75 ಗ್ರಾಂ ಕರಗುತ್ತಿದ್ದ ಸಸಾರಜನಕ 20 ಗ್ರಾಂ ಆಸುಪಾಸಿಗೆ ಬರುತ್ತದೆ. ಕೊಬ್ಬು ಇರುವವರೆಗೆ ಈ ಉಳಿತಾಯ ನಡೆಯುತ್ತದೆ. ಕೊಬ್ಬು ಮುಗಿದಾಗ ಮಾಂಸಖಂಡ ಮತ್ತೆ ವೇಗವಾಗಿ ಕರಗತೊಡಗುತ್ತದೆ. ಉಸಿರಾಟದ ಮಾಂಸಖಂಡಗಳೂ ಹೃದಯವೂ ದುರ್ಬಲವಾಗಿ ಪ್ರಾಣಕ್ಕೆ ಅಪಾಯ ಒದಗುತ್ತದೆ. ತೆಳ್ಳಗಿರುವವರಿಗೆ ಈ ಗಡಿ ಬೇಗ ಬರುತ್ತದೆ.

ಆರೋಗ್ಯವಂತರು ಮಾಡುವ ಒಂದು ದಿನದ ಉಪವಾಸದಲ್ಲಿ ಖರ್ಚಾಗುವುದು ಬಹುಮಟ್ಟಿಗೆ ಪಿತ್ತಜನಕಾಂಗದ ಗ್ಲೈಕೋಜನ್ ಮತ್ತು ಕೊಬ್ಬು. ಮಾಂಸಖಂಡದ ಸಣ್ಣ ನಷ್ಟ ಮರುದಿನದ ಊಟದಿಂದ ತುಂಬಿಬರುತ್ತದೆ. ಆದರೆ ಸಿಹಿಮೂತ್ರ ರೋಗಕ್ಕೆ ಮಾತ್ರೆ, ಚುಚ್ಚುಮದ್ದು ತೆಗೆದುಕೊಳ್ಳುವವರು, ಬಸುರಿ-ಬಾಣಂತಿಯರು, ಮೊದಲೇ ಕೈಕಾಲು ಸೊರಗಿದ ವೃದ್ಧರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು.

ಅರೆಹೊಟ್ಟೆಯ ಪಾಠ

ಬರಗಾಲದಲ್ಲಿ ಸಾಮಾನ್ಯವಾಗಿ ಇರುವುದು ಪೂರ್ಣ ಉಪವಾಸವಲ್ಲ, ತಿಂಗಳುಗಟ್ಟಲೆಯ ಅರೆಹೊಟ್ಟೆ. ಇದರ ಪರಿಣಾಮವನ್ನು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು 1944-45ರಲ್ಲಿ ಪರೀಕ್ಷಿಸಿದರು. ತಾವಾಗಿ ಮುಂದೆ ಬಂದ 36 ಯುವಕರಿಗೆ 24 ವಾರಗಳ ಕಾಲ ಅವರ ವಾಡಿಕೆಯ ಆಹಾರದಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ ಕೊಡಲಾಯಿತು. ಅವರು ದೇಹತೂಕದ ಸುಮಾರು ಕಾಲು ಭಾಗ ಕಳೆದುಕೊಂಡರು. ಶಕ್ತಿ ಕುಗ್ಗಿತು, ಚಳಿ ಹೆಚ್ಚಾಯಿತು, ಯಾವ ಕೆಲಸದಲ್ಲೂ ಮನಸ್ಸು ನಿಲ್ಲದಾಯಿತು. ನಂತರ 12 ವಾರ ಆಹಾರ ಹೆಚ್ಚಿಸಿದಾಗಲೂ ಹಿಂದಿನ ಕಸುವು ಪೂರ್ತಿ ಮರಳಲಿಲ್ಲ. ತೂಕ ಮರಳುವಾಗ ಕೊಬ್ಬು ಮುಂದಾಗಿ ಬಂದಿತು, ಮಾಂಸಖಂಡ ಹಿಂದುಳಿಯಿತು. ತೂಕ ಬಂದ ಮಾತ್ರಕ್ಕೆ ಬಲ ಬಂದಿತೆಂದು ತಿಳಿಯಬಾರದು ಎಂಬುದು ಈ ಪ್ರಯೋಗದ ಪಾಠ. ಇದು ಎತ್ತು ಸಾಕುವವರೂ ನೆನಪಿಡಬೇಕಾದ ಮಾತು.

ಮಾಂಸಖಂಡದ ಎಲ್ಲ ಎಳೆಗಳೂ ಒಂದೇ ಸಮನೆ ಸೊರಗುವುದಿಲ್ಲ. ಜೋರಾಗಿ, ಥಟ್ಟನೆ ಎಳೆಯುವ ಬಿಳಿ ಎಳೆಗಳು ಹೆಚ್ಚಾಗಿ ಸಣ್ಣಗಾಗುತ್ತವೆ. ನಿಂತಿರಲು, ನಿಧಾನವಾಗಿ ನಡೆಯಲು ನೆರವಾಗುವ ಕೆಂಪು ಎಳೆಗಳು ಹೆಚ್ಚು ಕಾಲ ಉಳಿಯುತ್ತವೆ. ಆದ್ದರಿಂದ ಸೊರಗಿದ ಎತ್ತು ಗೊಂತಿನ ಬಳಿ ನೆಟ್ಟಗೆ ನಿಂತಿರಬಹುದು, ಕೆರೆಗೆ ನಡೆದು ಹೋಗಿ ನೀರು ಕುಡಿದು ಬರಬಹುದು. ನೊಗಕ್ಕೆ ಕಟ್ಟಿದಾಗಲೇ ಅದರ ಬಲಹೀನತೆ ಗೊತ್ತಾಗುವುದು.

ಉಪವಾಸ ಬಲ್ಲ ಪ್ರಾಣಿಗಳು

ಮಾಂಸಖಂಡ ಉಳಿಸಿಕೊಂಡು ಉಪವಾಸವಿರುವ ಕಲೆ ಕೆಲವು ಕಾಡುಪ್ರಾಣಿಗಳಿಗೆ ಚೆನ್ನಾಗಿ ಗೊತ್ತು. ಅಂಟಾರ್ಕ್ಟಿಕಾದ ಎಂಪರರ್ ಪೆಂಗ್ವಿನ್ ಹಕ್ಕಿಯಲ್ಲಿ ಗಂಡು, ಮೊಟ್ಟೆಗೆ ಕಾವು ಕೊಡುವ ಕಾಲವೂ ಸೇರಿ ನೂರಕ್ಕೂ ಹೆಚ್ಚು ದಿನ ಏನನ್ನೂ ತಿನ್ನದೆ ಇರುತ್ತದೆ. ಮೊದಲ ಕೆಲವು ದಿನಗಳ ನಂತರ ಅದು ಬದುಕುವುದು ಬಹುತೇಕ ಕೊಬ್ಬಿನ ಮೇಲೆಯೇ. ಕೊಬ್ಬು ಒಂದು ಮಟ್ಟಕ್ಕಿಂತ ಕೆಳಗಿಳಿದು ಮಾಂಸಖಂಡ ವೇಗವಾಗಿ ಕರಗತೊಡಗಿದಾಗ, ಹೆಣ್ಣು ಇನ್ನೂ ಹಿಂದಿರುಗದಿದ್ದರೆ ಮೊಟ್ಟೆಯನ್ನೇ ಬಿಟ್ಟು ಸಮುದ್ರದ ಕಡೆ ಹೊರಡುತ್ತದೆ.

ಅಮೆರಿಕದ ಕಪ್ಪು ಕರಡಿ ಚಳಿಗಾಲದ ತಿಂಗಳುಗಳನ್ನು ಗುಹೆಯಲ್ಲಿ ಮಲಗಿ ಕಳೆಯುತ್ತದೆ. ಅಷ್ಟು ದಿನ ಉಪವಾಸವಿದ್ದು ಅಲುಗಾಡದಿದ್ದರೂ ಅದರ ಮಾಂಸಖಂಡದ ನಷ್ಟ ಅಲ್ಪ. ಮೂತ್ರಕ್ಕೆ ಹೋಗಬೇಕಾದ ಯೂರಿಯಾವನ್ನು ಅದು ಕರುಳಿನ ಸೂಕ್ಷ್ಮಜೀವಿಗಳ ನೆರವಿನಿಂದ ಮತ್ತೆ ಸಸಾರಜನಕ ಕಟ್ಟಲು ಬಳಸಿಕೊಳ್ಳುತ್ತದೆ. ದರೋಜಿಯ ಕರಡಿಗಳು ಹೀಗೆ ಚಳಿನಿದ್ರೆ ಮಾಡುವ ಜಾತಿಯವಲ್ಲ. ಹಸು, ಎತ್ತು, ಕುರಿಗಳಿಗೂ ಈ ಮಟ್ಟದ ಸಾಮರ್ಥ್ಯವಿಲ್ಲ.

ಮೆಲುಕು ಹಾಕುವ ಪ್ರಾಣಿಗಳ ವಿಶೇಷ

ದನ, ಎಮ್ಮೆ, ಕುರಿ, ಮೇಕೆಗಳ ಮೊದಲ ಹೊಟ್ಟೆಯಾದ ರೂಮೆನ್‌ನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿದ್ದು ಹುಲ್ಲನ್ನು ಹುದುಗಿಸುತ್ತವೆ. ಮೇವಿನ ಪಿಷ್ಟವೂ ಅಲ್ಲಿಯೇ ಆಮ್ಲಗಳಾಗಿ ಬದಲಾಗುವುದರಿಂದ ಕರುಳಿನಿಂದ ಸಕ್ಕರೆ ನೇರವಾಗಿ ಸಿಗುವುದು ಬಹಳ ಕಡಿಮೆ. ಪ್ರೊಪಿಯೋನಿಕ್ ಆಮ್ಲವನ್ನು ಮುಖ್ಯವಾಗಿ ಬಳಸಿಕೊಂಡು ಪಿತ್ತಜನಕಾಂಗವೇ ದಿನವೂ ಸಕ್ಕರೆ ತಯಾರಿಸಬೇಕು. ಮೇವು ನಿಂತರೆ ರೂಮೆನ್‌ನಲ್ಲಿ ಉಳಿದ ಮೇವು ಒಂದೆರಡು ದಿನ ಆಸರೆಯಾಗುತ್ತದೆ. ಆಮೇಲೆ ಪ್ರೊಪಿಯೋನಿಕ್ ಆಮ್ಲ ಕಡಿಮೆಯಾಗಿ ಮಾಂಸಖಂಡದ ಅಮೈನೋ ಆಮ್ಲಗಳ ಮೇಲೆ ಹೊರೆ ಬೀಳುತ್ತದೆ.

ಹೊಟ್ಟೆ ತುಂಬ ಒಣಹುಲ್ಲು ತಿಂದರೂ ದನ ಬಡಕಲಾಗಬಹುದು. ಭತ್ತದ ಹುಲ್ಲು, ರಾಗಿ ಹುಲ್ಲುಗಳಲ್ಲಿ ಸಸಾರಜನಕ ಶೇಕಡಾ 3ರಿಂದ 4 ಮಾತ್ರ. ಮೇವಿನಲ್ಲಿ ಇದು ಶೇಕಡಾ 7ಕ್ಕಿಂತ ಕಡಿಮೆಯಾದರೆ ರೂಮೆನ್‌ನ ಸೂಕ್ಷ್ಮಜೀವಿಗಳ ಕೆಲಸ ಕುಂಠಿತವಾಗಿ ಹುಲ್ಲು ಸರಿಯಾಗಿ ಜೀರ್ಣವಾಗುವುದಿಲ್ಲ. ದನ ತಿನ್ನುವುದೂ ಕಡಿಮೆಯಾಗುತ್ತದೆ. ಹೊಟ್ಟೆ ಉಬ್ಬಿದಂತೆ ಕಂಡರೂ ತೊಡೆ, ಸೊಂಟ ಬತ್ತುವುದು ಈ ಕಾರಣದಿಂದ.

ಎತ್ತು: ಬೇಸಿಗೆಯ ಕೊನೆಯಲ್ಲಿ ಬಣವೆ ತಳ ಕಾಣುತ್ತದೆ, ಅದೇ ಹೊತ್ತಿಗೆ ಮುಂಗಾರು ಬಿದ್ದು ಉಳುಮೆ ಆರಂಭವಾಗುತ್ತದೆ. ವರ್ಷದಲ್ಲಿ ಎತ್ತು ತೀರ ಸೊರಗಿರುವ ದಿನಗಳೇ ಅದಕ್ಕೆ ಹೆಚ್ಚು ಕೆಲಸದ ದಿನಗಳು. ಹಳ್ಳಿಕಾರ್, ಅಮೃತಮಹಲ್, ಖಿಲಾರಿಯಂಥ ಗಟ್ಟಿ ತಳಿಗಳಿಗೂ ಈ ನಿಯಮ ತಪ್ಪಿದ್ದಲ್ಲ. ಉಳುಮೆಗೆ ಎಂಟು ದಿನವಿರುವಾಗ ಹಿಂಡಿ ಸುರಿದರೆ ಮಾಂಸಖಂಡ ಬೆಳೆಯುವುದಿಲ್ಲ. ಆರೇಳು ವಾರ ಮೊದಲೇ, ಅಂದರೆ ಬೇಸಿಗೆಯ ನಡುವೆಯೇ, ಸ್ವಲ್ಪ ಸ್ವಲ್ಪವಾಗಿ ಕೊಡುತ್ತ ಬರಬೇಕು. ಕೆಲಸವಿಲ್ಲದ ನಾಟಿ ದನಕ್ಕೆ ಮೈ ಉಳಿಸಿಕೊಳ್ಳಲು ದಿನಕ್ಕೆ ಸುಮಾರು 4 ಕಿಲೋ ಒಣಹುಲ್ಲು, ಒಂದರಿಂದ ಒಂದೂಕಾಲು ಕಿಲೋ ಹಿಂಡಿ-ಬೂಸಾ ಮಿಶ್ರಣ ಬೇಕೆಂಬುದು ಸಾಮಾನ್ಯ ಲೆಕ್ಕ.

ಕರೆಯುವ ಹಸು: ಒಂದು ಲೀಟರ್ ಹಾಲು ತಯಾರಾಗಲು ಸುಮಾರು 70 ಗ್ರಾಂ ಸಕ್ಕರೆ ಬೇಕು. 15 ಲೀಟರ್ ಕೊಡುವ ಮಿಶ್ರತಳಿ ಹಸುವಿಗೆ ಹಾಲಿಗೆಂದೇ ದಿನಕ್ಕೆ ಒಂದು ಕಿಲೋಗಿಂತ ಹೆಚ್ಚು. ಕರು ಹಾಕಿದ ಮೊದಲ ವಾರಗಳಲ್ಲಿ ಹಾಲು ಏರುವಷ್ಟು ಬೇಗ ಮೇವು ತಿನ್ನುವ ಶಕ್ತಿ ಏರುವುದಿಲ್ಲ. ಎದುರಿಗೆ ಮೇವಿದ್ದರೂ ಒಳಗೆ ಉಪವಾಸದ ಸ್ಥಿತಿಯೇ. ಹಸು ತನ್ನ ಕೊಬ್ಬನ್ನೂ ಮಾಂಸಖಂಡವನ್ನೂ ಹಾಲಾಗಿ ಸುರಿಸುತ್ತದೆ. ಕೀಟೋನುಗಳು ಮಿತಿಮೀರಿದರೆ ಹಸು ಹಿಂಡಿ ಬಿಡುತ್ತದೆ, ಹಾಲು ಇಳಿಯುತ್ತದೆ, ಉಸಿರಿನಲ್ಲಿ ಒಂದು ಬಗೆಯ ಸಿಹಿವಾಸನೆ ಬರುತ್ತದೆ. ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು. ಮೈ ಕಾಯುವ ಪ್ರಮಾಣದ ಜೊತೆಗೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಮಿಶ್ರಣ ಕೊಡುವುದು ರೂಢಿಯ ಲೆಕ್ಕ.

ಗಬ್ಬದ ಕುರಿ: ಉಪವಾಸದಲ್ಲಿ ಮನುಷ್ಯನ ಮಿದುಳಿಗೆ ಕೀಟೋನುಗಳು ಆಸರೆಯಾಗುತ್ತವೆ. ಕುರಿಯ ಮಿದುಳು ಅವನ್ನು ಹೆಚ್ಚಾಗಿ ಬಳಸಿಕೊಳ್ಳದು, ಅದಕ್ಕೆ ಸಕ್ಕರೆಯೇ ಬೇಕು. ಕುರಿಯ ಗಬ್ಬದ ಅವಧಿ ಸುಮಾರು 150 ದಿನ. ಮರಿಯ ಬೆಳವಣಿಗೆಯಲ್ಲಿ ಹೆಚ್ಚಿನ ಪಾಲು ಆಗುವುದು ಕೊನೆಯ ಆರು ವಾರಗಳಲ್ಲಿ, ಮತ್ತು ಮರಿಗೂ ಬೇಕಾದದ್ದು ಸಕ್ಕರೆಯೇ. ಅವಳಿ ಮರಿಯಿದ್ದು ಮೇವು ಸಾಲದೆ ಹೋದರೆ ಕುರಿ ಮಂದೆಯಿಂದ ಹಿಂದೆ ಬೀಳುತ್ತದೆ, ಹಲ್ಲು ಕಡಿಯುತ್ತದೆ, ಕಣ್ಣು ಕಾಣದಂತೆ ಮುಗ್ಗರಿಸುತ್ತದೆ, ಕೊನೆಗೆ ಮಲಗಿಬಿಡುತ್ತದೆ. ಮಲಗಿದ ಮೇಲೆ ಉಳಿಸಿಕೊಳ್ಳುವುದು ಕಷ್ಟ. ಈ ಆರು ವಾರ ಪ್ರತಿ ಕುರಿಗೆ ದಿನಕ್ಕೆ 200ರಿಂದ 250 ಗ್ರಾಂ ಮಿಶ್ರಣ ಕೊಟ್ಟರೆ ತಾಯಿಯೂ ಮರಿಯೂ ಉಳಿಯುತ್ತವೆ. ಇನ್ನೊಂದು ಸಂಗತಿಯೂ ಇದೆ. ಮಾಂಸಖಂಡದ ಎಳೆಗಳ ಸಂಖ್ಯೆ ಮರಿ ಹುಟ್ಟುವ ವೇಳೆಗೆ ಬಹುತೇಕ ನಿಗದಿಯಾಗಿರುತ್ತದೆ. ಮುಂದೆ ಎಳೆಗಳು ದಪ್ಪವಾಗುತ್ತವೆಯೇ ಹೊರತು ಹೆಚ್ಚು ಹುಟ್ಟುವುದಿಲ್ಲ. ತಾಯಿಯ ಹಸಿವು ಮರಿಯ ಮಾಂಸಕ್ಕೂ ತಟ್ಟುತ್ತದೆ.

ಸಂತೆಗೆ ಸಾಗಿಸುವಾಗ

ಕುರಿ, ಆಡುಗಳನ್ನು ಮಾಂಸಕ್ಕಾಗಿ ಮಾರುವವರಿಗೂ ಈ ತಿಳಿವಳಿಕೆ ಲಾಭದಾಯಕ. ಮೇವು ನೀರಿಲ್ಲದೆ ಸಾಗಿಸಿದಾಗ ಮೊದಲು ಕಡಿಮೆಯಾಗುವುದು ಹೊಟ್ಟೆಯೊಳಗಿನ ಮೇವು ಮತ್ತು ನೀರಿನ ತೂಕ. ಪ್ರಯಾಣ ಉದ್ದವಾದರೆ ಮಾಂಸದ ತೂಕವೇ ಇಳಿಯುತ್ತದೆ. ಅದರ ಜೊತೆ ಗುಣವೂ ಕೆಡುತ್ತದೆ. ಪ್ರಾಣಿಯ ವಧೆಯಾದ ಮೇಲೆ ಮಾಂಸಖಂಡದ ಗ್ಲೈಕೋಜನ್ ಲ್ಯಾಕ್ಟಿಕ್ ಆಮ್ಲವಾಗಿ ಬದಲಾಗಿ ಮಾಂಸದ ರಸಸಾರ 5.5ರ ಆಸುಪಾಸಿಗೆ ಇಳಿಯಬೇಕು. ಈ ಹುಳಿಯಿಂದಲೇ ಮಾಂಸ ಬೇಗ ಕೆಡದೆ ಉಳಿಯುವುದು. ಹಸಿದು, ಬೆದರಿ, ನೂಕುನುಗ್ಗಲಿನಲ್ಲಿ ದಣಿದ ಪ್ರಾಣಿಯಲ್ಲಿ ಗ್ಲೈಕೋಜನ್ ಮೊದಲೇ ತೀರಿರುತ್ತದೆ. ಆಗ ರಸಸಾರ 6ಕ್ಕಿಂತ ಮೇಲೆಯೇ ಉಳಿದು ಮಾಂಸ ಕಪ್ಪಾಗಿ, ಬಿರುಸಾಗಿ ಕಾಣುತ್ತದೆ, ಬೇಗ ಕೆಡುತ್ತದೆ. ಸಂತೆಗೆ ಹೊಡೆದುಕೊಂಡು ಹೋಗುವಾಗ ದಾರಿಯಲ್ಲಿ ವಿಶ್ರಾಂತಿ, ನೀರು, ಒಂದಿಷ್ಟು ಸೊಪ್ಪು ಕೊಡುವುದು ಕರುಣೆಯ ಜೊತೆಗೆ ವ್ಯಾಪಾರವೂ ಹೌದು.

ಮತ್ತೆ ಮೇವು ಕೊಡುವ ಕ್ರಮ

ಉಪವಾಸದಷ್ಟೇ ಅಪಾಯ ಅದನ್ನು ಮುರಿಯುವ ರೀತಿಯಲ್ಲಿದೆ. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಸೆರೆಶಿಬಿರಗಳಿಂದ ಬಿಡುಗಡೆಯಾದ ಹಸಿದ ಜನರಲ್ಲಿ ಹಲವರು ಹೊಟ್ಟೆತುಂಬ ಉಂಡು ಸತ್ತರು. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಆಹಾರ ಬಂದಾಗ ಇನ್ಸುಲಿನ್ ಏರಿ ರಕ್ತದಲ್ಲಿದ್ದ ರಂಜಕ, ಪೊಟ್ಯಾಷಿಯಂ, ಮೆಗ್ನೀಷಿಯಂಗಳು ಜೀವಕೋಶಗಳೊಳಗೆ ನುಗ್ಗುತ್ತವೆ. ರಕ್ತದಲ್ಲಿ ಅವುಗಳ ಕೊರತೆಯಾಗಿ ಹೃದಯ, ಉಸಿರಾಟ ನಿಲ್ಲಬಹುದು. ಆದ್ದರಿಂದ ದೀರ್ಘ ಉಪವಾಸವನ್ನು ವೈದ್ಯರ ನಿಗಾದಲ್ಲಿ, ಸ್ವಲ್ಪ ಸ್ವಲ್ಪ ಆಹಾರದಿಂದ ಮುರಿಯಬೇಕು.

ದನಗಳಲ್ಲಿ ರೂಮೆನ್‌ನ ತೊಂದರೆಯೂ ಸೇರಿಕೊಳ್ಳುತ್ತದೆ. ಹಸಿದ ಎತ್ತಿನ ಮುಂದೆ ಬುಟ್ಟಿಗಟ್ಟಲೆ ಜೋಳ, ರಾಗಿ, ಅನ್ನ ಸುರಿದರೆ ರೂಮೆನ್‌ನಲ್ಲಿ ಲ್ಯಾಕ್ಟಿಕ್ ಆಮ್ಲ ಮಿತಿಮೀರಿ ಪ್ರಾಣವೇ ಹೋಗಬಹುದು. ಮೊದಲ ಕೆಲವು ದಿನ ನೀರು, ಒಳ್ಳೆಯ ಒಣಹುಲ್ಲು, ಸ್ವಲ್ಪ ಹಸಿರು ಮೇವು ಸಾಕು. ಹಿಂಡಿ-ಬೂಸಾವನ್ನು ಕಾಲು ಕಿಲೋದಿಂದ ಆರಂಭಿಸಿ, ಹತ್ತು ಹದಿನಾಲ್ಕು ದಿನಗಳಲ್ಲಿ ಹಂತಹಂತವಾಗಿ ಪೂರ್ಣ ಪ್ರಮಾಣಕ್ಕೆ ತರಬೇಕು. ಖನಿಜ ಮಿಶ್ರಣ ಮತ್ತು ಉಪ್ಪನ್ನು ಮರೆಯಬಾರದು.

ಒಣಹುಲ್ಲಿನ ಸಸಾರಜನಕ ಹೆಚ್ಚಿಸಲು ಯೂರಿಯಾ ಉಪಚಾರ ಅಗ್ಗದ ವಿಧಾನ. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಸಮನಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿ 21 ದಿನ ಬಿಡಬೇಕು. ತೆಗೆದ ಹುಲ್ಲನ್ನು ಸ್ವಲ್ಪ ಹೊತ್ತು ಗಾಳಿಗೆ ಹರಡಿ ಘಾಟು ಹೋದ ಮೇಲೆ ತಿನ್ನಿಸಬೇಕು. ಎಚ್ಚರಿಕೆ: ಹಸಿದ, ಬಡಕಲಾದ ದನಕ್ಕೆ ಯೂರಿಯಾದ ವಿಷ ಬೇಗ ತಟ್ಟುತ್ತದೆ. ಅಂಥ ದನಕ್ಕೆ ಮೊದಲು ಸಾಮಾನ್ಯ ಮೇವು ಕೊಟ್ಟು ಚೇತರಿಸಿಕೊಂಡ ಮೇಲೆಯೇ ಉಪಚರಿಸಿದ ಹುಲ್ಲನ್ನು ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಬೇಕು. ಆರು ತಿಂಗಳೊಳಗಿನ ಕರುಗಳಿಗೆ ಕೊಡಬಾರದು. ಯೂರಿಯಾವನ್ನು ಕುಡಿಯುವ ನೀರಿಗೆ ಎಂದೂ ಬೆರೆಸಬಾರದು. ಬದುಗಳಲ್ಲಿ ಅಗಸೆ, ಗ್ಲಿರಿಸಿಡಿಯಾ, ಸುಬಾಬುಲ್ ಬೆಳೆಸಿಕೊಂಡರೆ ಬೇಸಿಗೆಯಲ್ಲಿ ಸಸಾರಜನಕವುಳ್ಳ ಹಸಿರು ಸೊಪ್ಪು ಸಿಗುತ್ತದೆ. ಸುಬಾಬುಲ್ ಸೊಪ್ಪು ಒಟ್ಟು ಮೇವಿನ ಮೂರನೆಯ ಒಂದು ಪಾಲನ್ನು ಮೀರಬಾರದು.

ನೆನಪಿಡಬೇಕಾದ ಅಂಶಗಳು

1. ದನದ ಮೈಕಟ್ಟನ್ನು ಹೊಟ್ಟೆ ನೋಡಿ ಅಳೆಯಬಾರದು. ಸೊಂಟದ ಮೇಲೆ ಅಂಗೈ ಒತ್ತಿ ನೋಡಬೇಕು. ಬೆನ್ನೆಲುಬಿನ ಎರಡೂ ಬದಿ ಹಳ್ಳ ಬಿದ್ದು, ಎಲುಬಿನ ಅಂಚುಗಳು ಚೂಪಾಗಿ ಕೈಗೆ ಸಿಕ್ಕರೆ ಮಾಂಸಖಂಡ ಕರಗಿದೆ ಎಂದೇ ಅರ್ಥ.

2. ಮೇವು ಕಡಿಮೆಯಿದ್ದಾಗ ಎಲ್ಲಕ್ಕೂ ಸಮನಾಗಿ ಹಂಚುವುದು ನ್ಯಾಯದಂತೆ ಕಂಡರೂ ಲಾಭದಾಯಕವಲ್ಲ. ಗಬ್ಬದ ಕೊನೆಯ ತಿಂಗಳುಗಳಲ್ಲಿರುವವು, ಹೊಸದಾಗಿ ಕರು ಹಾಕಿದವು, ಬೆಳೆಯುವ ಕರುಗಳು, ಉಳುಮೆಯ ಎತ್ತುಗಳು ಮೊದಲು. ಮೈಯಲ್ಲಿ ಕೊಬ್ಬಿರುವ ಬತ್ತಿದ ಹಸುಗಳು ಆಮೇಲೆ.

3. ಬಣವೆ ಮುಗಿದ ಮೇಲೆ ಕೊಡುವ ಎರಡು ಕಿಲೋ ಹಿಂಡಿಗಿಂತ, ಬಣವೆ ಅರ್ಧವಿರುವಾಗಲೇ ದಿನವೂ ಕೊಡುವ ಅರ್ಧ ಕಿಲೋ ಮೇಲು.

4. ಸೊರಗಿದ ಎತ್ತನ್ನು ಮೊದಲ ಮಳೆಗೇ ದಿನವಿಡೀ ಹೂಡಬಾರದು. ತಂಪು ಹೊತ್ತಿನಲ್ಲಿ ಒಂದೆರಡು ಗಂಟೆ ಹಗುರ ಕೆಲಸದಿಂದ ಆರಂಭಿಸಬೇಕು. ಮೇವು ಮತ್ತು ಕೆಲಸ ಎರಡೂ ಹದವಾಗಿ ದೊರೆತಾಗಲೇ ಮಾಂಸಖಂಡ ಮರಳಿ ಕಟ್ಟಿಕೊಳ್ಳುತ್ತದೆ.

'ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು' ಎಂಬ ಗಾದೆ ದೇಹಕ್ಕೂ ಸಲ್ಲುತ್ತದೆ. ಒಳಗಿನ ದಾಸ್ತಾನು ಎಷ್ಟಿದ್ದರೂ ಹೊರಗಿನಿಂದ ಬರುವುದು ನಿಂತರೆ ಒಂದು ದಿನ ಅದು ತೊಲೆಗೇ ಬರುತ್ತದೆ. ಕರಗಲು ವಾರಗಳು ಸಾಕು, ಕಟ್ಟಲು ತಿಂಗಳುಗಳು ಬೇಕು. ಬೇಸಿಗೆ ಬರುವ ಮೊದಲೇ ಬಣವೆಯ ಲೆಕ್ಕ ಹಾಕುವ ರೈತ ತನ್ನ ಎತ್ತಿನ ಹೆಗಲನ್ನೂ ಮುಂದಿನ ಬೆಳೆಯನ್ನೂ ಉಳಿಸಿಕೊಳ್ಳುತ್ತಾನೆ.